ಪ್ಯಾಲೆಸ್ಟೀನಿನ ಹಾಡು ಮತ್ತು ನ್ಯಾಯದ ಪ್ರಶ್ನೆ

ನೆಲವನ್ನು ಕಳೆದುಕೊಂಡ ಮಾತ್ರಕ್ಕೆ ಒಂದು ಜನಾಂಗ ಇಲ್ಲವಾಗುವುದಿಲ್ಲ. ತನ್ನನ್ನು ತಾನು ಮರೆತಾಗ ಇಲ್ಲವಾಗುತ್ತದೆ. 1948ರಲ್ಲಿ 7 ಲಕ್ಷಕ್ಕೂ ಅಧಿಕ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು, ನೂರಾರು ಹಳ್ಳಿಗಳು ನಾಶವಾದವು. ಆದರೆ ಆ ಹಳ್ಳಿಗಳ ಮದುವೆಯ ಹಾಡುಗಳೂ ಕೈಕೈ ಹಿಡಿದು ಹೆಜ್ಜೆ ಹಾಕುವ ದಬ್ಕೆ ನೃತ್ಯವೂ ಶಿಬಿರಗಳಲ್ಲಿ ಬದುಕಿ ಉಳಿದವು. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಪ್ಯಾಲೆಸ್ಟೀನಿನ ದಬ್ಕೆಯನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರತಿರೋಧದ ಸಂಗೀತವೆಂದೊಡನೆ ನಮಗೆ ಘೋಷಣೆಯ ಹಾಡುಗಳು ನೆನಪಾಗುತ್ತವೆ. ಅವುಗಳಿಗೂ ಅಲ್ಲಿ ಸ್ಥಾನವಿದೆ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಕವಿ ಇಬ್ರಾಹಿಂ ತೂಕಾನ್ ರಚಿಸಿದ ‘ಮೌತಿನಿ’ ದೀರ್ಘಕಾಲ ಆ ಜನರ ರಾಷ್ಟ್ರಗೀತೆಯಂತಿತ್ತು. 1980ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ‘ಸಬ್ರೀನ್’ ತಂಡವು ಸಮಕಾಲೀನ ಕಾವ್ಯಕ್ಕೆ ಹೊಸ ರಾಗಸಂಯೋಜನೆ ಮಾಡಿತು. ಆದರೆ ಇದಕ್ಕಿಂತ ಮೌನವಾದ, ಆಳವಾದ ಪ್ರತಿರೋಧವೊಂದಿದೆ. ಅದು ಮಗುವಿನ ನಿತ್ಯದ ಅಭ್ಯಾಸ. ವಾದ್ಯವು ಒಂದು ದಿನದಲ್ಲಿ ಒಲಿಯುವುದಿಲ್ಲ. ಇಂದು ಶ್ರುತಿ ಮಾಡುವವನು ನಾಳೆಯನ್ನು ನಂಬಿರಬೇಕು. ಜನರ ನಾಳೆಯನ್ನೇ ಅನಿಶ್ಚಿತಗೊಳಿಸುವ ಆಕ್ರಮಣದ ನಡುವೆ ಈ ನಂಬಿಕೆಯೇ ಪ್ರತಿರೋಧ.

ಈ ನಂಬಿಕೆಯ ಮೇಲೆಯೇ 1993ರಲ್ಲಿ ರಮಲ್ಲಾದಲ್ಲಿ ರಾಷ್ಟ್ರೀಯ ಸಂಗೀತ ಶಾಲೆ ಆರಂಭವಾಯಿತು. ಇಂದು ಅದು ಚಿಂತಕ ಎಡ್ವರ್ಡ್ ಸಯೀದರ ಹೆಸರನ್ನು ಹೊತ್ತಿದೆ. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಮೇಲೆ ಅದರ ಗಾಜಾ ಶಾಖೆಯ ಶಿಕ್ಷಕರು ನಿರಾಶ್ರಿತರ ಡೇರೆಗಳಲ್ಲಿಯೂ ಮಕ್ಕಳಿಗೆ ಪಾಠ ಹೇಳಿದರು.

ಇಲ್ಲೊಂದು ಎಚ್ಚರವೂ ಅಗತ್ಯ. 1980ರ ದಶಕದ ಕೊನೆಯ ಇಂತಿಫಾದದಲ್ಲಿ ಸೈನಿಕರತ್ತ ಕಲ್ಲೆಸೆಯುತ್ತಿದ್ದ ಬಾಲಕ ರಂಜಿ ಅಬೂರೆದ್ವಾನರ ಛಾಯಾಚಿತ್ರ ಜಗತ್ತಿನಾದ್ಯಂತ ಹರಡಿತ್ತು. ಮುಂದೆ ಅವರು ವಿಯೋಲ ಕಲಿತು, 2002ರಲ್ಲಿ ಶಿಬಿರಗಳ ಮಕ್ಕಳಿಗಾಗಿ ‘ಅಲ್ ಕಮಂಜಾತಿ’ ಸಂಸ್ಥೆಯನ್ನು ಸ್ಥಾಪಿಸಿದರು. ಕಲ್ಲು ಬಿಟ್ಟು ವಾದ್ಯ ಹಿಡಿದವನೆಂದು ಲೋಕ ಅವರನ್ನು ಕೊಂಡಾಡುತ್ತದೆ. ಆದರೆ ಮೂಲ ಸಮಸ್ಯೆ ಬಾಲಕನ ಕೈಯ ಕಲ್ಲಾಗಿತ್ತೇ? ಅವನು ಬೆಳೆದ ಶಿಬಿರ ಇಂದಿಗೂ ಶಿಬಿರವಾಗಿಯೇ ಇದೆ. ಸಂಗೀತವನ್ನು ಮೆಚ್ಚಿ, ಸಂಗೀತಗಾರನ ಹಕ್ಕನ್ನು ಮರೆಯುವುದು ಸಂಸ್ಕೃತಿಯ ಲಕ್ಷಣವಲ್ಲ.

ಸಂಗೀತ ಬಾಂಬನ್ನು ತಡೆಯಲಾರದು, ತಪಾಸಣಾ ಠಾಣೆಯ ಬಾಗಿಲನ್ನು ತೆರೆಯಲಾರದು. ನ್ಯಾಯಕ್ಕೆ ಅದು ಬದಲಿಯೂ ಅಲ್ಲ. ನ್ಯಾಯ ಬರುವ ದಿನದವರೆಗೆ, ಅದನ್ನು ಪಡೆಯಬೇಕಾದ ಜನರು ತಮ್ಮತನ ಕಳೆದುಕೊಳ್ಳದಂತೆ ಕಾಯುವುದು ಅದರ ಕಾರ್ಯ. ಆ ದಿನವನ್ನು ಹತ್ತಿರ ತರುವ ಹೊಣೆ ಮಾತ್ರ ಹಾಡುವವರದ್ದಷ್ಟೇ ಅಲ್ಲ, ಕೇಳುವ ನಮ್ಮೆಲ್ಲರದ್ದೂ ಹೌದು.