ಮಕ್ಕಳ ಆಟದ ಸಾಮಾನುಗಳು

ಮಕ್ಕಳ ಆಟದ ಸಾಮಾನುಗಳ ಗುಣವನ್ನು ಕುರಿತು ಭಾರತ ಸರಕಾರದವರು 2020ರಲ್ಲಿ ಹೊರಡಿಸಿದ ಆಜ್ಞೆಯು 2021ನೆಯ ಇಸವಿ ಜನವರಿ 1ರಿಂದ ಜಾರಿಗೆ ಬಂದಿತು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆಯು ಕಡ್ಡಾಯವಾಯಿತು. ಕ್ರಮವು ಸ್ತುತ್ಯವಾದುದೇ ಸರಿ. ತೂಕದ ಬಟ್ಟಿಗೆ ಮುದ್ರೆ ಬೇಕೆನ್ನುವ ನಾವು, ಕೂಸು ಬಾಯಲ್ಲಿಟ್ಟು ಚೀಪುವ ವಸ್ತುವಿಗೆ ಬೇಡವೆನ್ನಲಾದೀತೆ?

ಆದರೆ 2020ರ ಡಿಸೆಂಬರಿನಲ್ಲಿಯೇ ಈ ಆಜ್ಞೆಗೆ ಒಂದು ವಿನಾಯಿತಿ ಸೇರಿತು. ಸರಕಾರದಲ್ಲಿ ನೋಂದಾಯಿತರಾದ ಕರಕುಶಲ ಕಸಬುದಾರರ ಸಾಮಾನುಗಳಿಗೂ, ಭೌಗೋಳಿಕ ಗುರುತನ್ನು ಪಡೆದು ಅದರ ಅಧಿಕೃತ ಬಳಕೆದಾರರು ತಯಾರಿಸುವ ಸಾಮಾನುಗಳಿಗೂ ಈ ಮುದ್ರೆಯ ಕಟ್ಟುಪಾಡಿಲ್ಲ. ನಮ್ಮ ಚನ್ನಪಟ್ಟಣದ ಗೊಂಬೆಗೂ ಆ ಗುರುತು ಉಂಟು. ಚಿಕ್ಕ ಕಸಬುದಾರನು ಪರೀಕ್ಷೆಯ ವೆಚ್ಚವನ್ನು ಹೊರಲಾರನಾದ್ದರಿಂದ ವಿನಾಯಿತಿಯು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೂ ಅದು ಕಸಬುದಾರನ ವೆಚ್ಚಕ್ಕೆ ಕೊಟ್ಟ ವಿನಾಯಿತಿಯೇ ಹೊರತು ಮಗುವಿನ ಕ್ಷೇಮಕ್ಕೆ ಕೊಟ್ಟುದಲ್ಲ.

ಆಲೆಮರವನ್ನು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಉಜ್ಜುವ ಕಾವಿನಲ್ಲಿಯೇ ಅದನ್ನು ಕರಗಿಸಿ ಹಿಡಿಸುವುದು ಚನ್ನಪಟ್ಟಣದ ಪದ್ಧತಿ. ಅರಗಿಗೆ ಬೆರೆಸಿದ್ದು ಅರಿಸಿನದಂಥ ಗಿಡಮೂಲದ ಬಣ್ಣವಾದರೆ ಅಂಜಿಕೆಯಿಲ್ಲ. ಅಗ್ಗದ ಆಸೆಗೆ ಸೀಸ ಬೆರೆತ ಬಣ್ಣವನ್ನು ಬಳಿದರೆ, ಸ್ವದೇಶಿಯೆಂಬ ಕಾರಣಕ್ಕೆ ಅದು ವಿಷವಾಗದೆ ಉಳಿಯದು. ಸೀಸವು ಅಲ್ಪ ಪ್ರಮಾಣದಲ್ಲಿಯೂ ಎಳೆಯ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಬಣ್ಣವನ್ನು ಕಣ್ಣಿನಿಂದ ನೋಡಿ ಇದನ್ನು ಕಂಡುಹಿಡಿಯುವುದು ಯಾವ ತಾಯಿಗೂ ಸಾಧ್ಯವಿಲ್ಲ. ಆದಕಾರಣ ಸರಕಾರದವರು ತಮ್ಮ ಖರ್ಚಿನಲ್ಲಿಯೇ ಕಸಬುದಾರರ ಮಾದರಿಗಳನ್ನು ಆಗಾಗ್ಗೆ ಪರೀಕ್ಷಿಸಿ, ಫಲಿತಾಂಶವನ್ನು ಪ್ರಕಟಿಸತಕ್ಕದ್ದು. ಪ್ರಾಮಾಣಿಕ ಕಸಬುದಾರನಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಅವನ ಹೆಸರಿನಲ್ಲಿ ಖೋಟಾ ಸಾಮಾನನ್ನು ಮಾರುವವನಿಗೆ ಮಾತ್ರ ನಷ್ಟ.

ತಂದೆತಾಯಿಗಳ ಹೊಣೆಯೂ ಇಲ್ಲದಿಲ್ಲ. ಇತರ ಆಟಿಕೆಗಳನ್ನು ಕೊಳ್ಳುವಾಗ ಮುದ್ರೆಯನ್ನು ನೋಡಿಯೇ ಕೊಳ್ಳಬೇಕು. ಮೂರು ವರ್ಷದೊಳಗಿನ ಮಗುವಿಗೆ, ಸುಮಾರು 32 ಮಿಲಿಮೀಟರ್ ಅಗಲದ ಗಿಡ್ಡ ಕೊಳವೆಯೊಳಗೆ ಪೂರ್ತಿ ಇಳಿಯುವಷ್ಟು ಚಿಕ್ಕ ತುಂಡುಗಳಿರುವ ಸಾಮಾನನ್ನು ಕೊಡಲಾಗದು. ಗಂಟಲಿಗೆ ಸಿಕ್ಕರೆ ಉಸಿರು ಕಟ್ಟುವುದು. ಗುಂಡಿಯಾಕಾರದ ಬ್ಯಾಟರಿ ಇರುವ ಆಟಿಕೆಯ ಮುಚ್ಚಳವು ತಿರುಪಿನಿಂದ ಭದ್ರವಾಗಿರಬೇಕು. ಅಂಥ ಬ್ಯಾಟರಿಯು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅದನ್ನು ಸುಡಬಲ್ಲದು. ನುಂಗಿದ ಶಂಕೆ ಬಂದೊಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಚನ್ನಪಟ್ಟಣದ ಕೀರ್ತಿಯೂ ಮಕ್ಕಳ ಕ್ಷೇಮವೂ ಒಂದಕ್ಕೊಂದು ವಿರೋಧವಲ್ಲ. ಸಂಬಂಧಪಟ್ಟ ಅಧಿಕಾರಿಗಳು ಮಾದರಿಗಳ ಪರೀಕ್ಷೆಯ ಏರ್ಪಾಟನ್ನು ತಡಮಾಡದೆ ಕೈಕೊಳ್ಳುವರೆಂದು ನಂಬುತ್ತೇವೆ.