ಪರರ ಕೈಯ ನಾಣ್ಯ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಹಿರಿಯರ ಮಾತು. ಆ ಬೆಟ್ಟವೀಗ ಅಂಗೈಯೊಳಗೇ ಬಂದು ನಿಂತಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಂದ ಸಂಜೆ ಮನೆಗೆ ಮರಳುವವರ ಮೊಬೈಲಿನಲ್ಲಿ ಗೆಳೆಯನ ಹೊಸ ಮನೆ, ಸಹೋದ್ಯೋಗಿಯ ಬಡ್ತಿ, ನೆಂಟರ ವಿದೇಶಯಾತ್ರೆ ಒಂದಾದ ಮೇಲೊಂದು ಸರಿಯುತ್ತವೆ. ಬಸ್ಸು ಹತ್ತುವಾಗ ತೃಪ್ತನಾಗಿದ್ದವನು ಇಳಿಯುವ ವೇಳೆಗೆ ತನ್ನನ್ನು ಬಡವನೆಂದು ಭಾವಿಸುತ್ತಾನೆ. ಅವನ ಜೇಬಿನಿಂದ ಒಂದು ಕಾಸೂ ಕಳೆದಿರುವುದಿಲ್ಲ.

ವೈಟ್‌ಫೀಲ್ಡ್ ಮೊದಲು ಬೇಸಾಯದ ಊರು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ದಯಪಾಲಿಸಿದ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಅದು ಹುಟ್ಟಿತು. ಒಕ್ಕಲುತನದ ಊರಿನಲ್ಲಿ ನೆರೆಯವನ ಫಸಲನ್ನು ಕಂಡವನಿಗೆ ಅವನ ಬಾಡಿದ ಪೈರೂ ಕಾಣುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಕಾಣುವುದು ಹೆಚ್ಚಾಗಿ ಫಸಲು ಮಾತ್ರ. ಸಾಲದ ಕಂತು, ನಿದ್ದೆಯಿಲ್ಲದ ರಾತ್ರಿ ಪರದೆಯ ಹಿಂದೆಯೇ ಉಳಿಯುತ್ತವೆ.

ಹೋಲಿಕೆ ಮನುಷ್ಯಸಹಜವೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಪ್ರತಿಪಾದಿಸಿದನು: ಬೇರೆ ಅಳತೆಗೋಲು ದೊರೆಯದಾಗ ಮನುಷ್ಯನು ಇತರರನ್ನು ನೋಡಿ ತನ್ನನ್ನು ಅಳೆದುಕೊಳ್ಳುತ್ತಾನೆ. 2009ರಲ್ಲಿ ಫೇಸ್‌ಬುಕ್ ತಂದ ‘ಲೈಕ್’ ಗುಂಡಿ ಆ ಅಳತೆಗೆ ಅಂಕಿಯನ್ನೂ ಕೊಟ್ಟಿತು. 2021ರಲ್ಲಿ ಆ ಎಣಿಕೆಯನ್ನು ಮರೆಮಾಡುವ ಅವಕಾಶವನ್ನು ಇನ್‌ಸ್ಟಾಗ್ರಾಮ್ ಎಲ್ಲರಿಗೂ ಒದಗಿಸಿತು. ಅಂಕಿಯನ್ನು ಮರೆಮಾಡಬಹುದು, ಅಳೆಯುವ ಕಣ್ಣನ್ನು ಮರೆಮಾಡುವುದು ಹೇಗೆ?

ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯವು ಈ ಕಣ್ಣನ್ನೇ ಕುರಿತದ್ದು. ಬೆಳಗಿನಿಂದ ದುಡಿದವರಿಗೂ ಸಂಜೆಗೆ ಒಂದು ಗಂಟೆ ಮೊದಲು ಬಂದವರಿಗೂ ಯಜಮಾನನು ಒಂದೇ ನಾಣ್ಯವನ್ನಿತ್ತನು, ಅದೂ ಕಡೆಯವರಿಂದ ಮೊದಲು ಮಾಡಿ. ಬೆಳಗಿನವರಿಗೆ ಒಪ್ಪಿದ ಕೂಲಿ ಪೂರ್ತಿ ಸಂದಿತ್ತು. ಪರರ ಕೈಯ ನಾಣ್ಯವನ್ನು ನೋಡದಿದ್ದರೆ ಅವರು ಸಂತೋಷದಿಂದಲೇ ಮನೆಗೆ ಹೋಗುತ್ತಿದ್ದರು. ಯಜಮಾನನ ಔದಾರ್ಯವೇ ಅವರಿಗೆ ಅನ್ಯಾಯವಾಗಿ ತೋರಿತು.

ಇದನ್ನು ತಪ್ಪಾಗಿ ತಿಳಿಯಬಾರದು. ಸಮಾನ ದುಡಿಮೆಗೆ ಕಡಿಮೆ ಕೂಲಿ ಪಡೆಯುವ ಕಾರ್ಮಿಕನು ನ್ಯಾಯ ಕೇಳಿದರೆ ಅದು ಅಸೂಯೆಯಲ್ಲ. ಕೂಲಿಯನ್ನು ತಡೆಹಿಡಿಯುವವರನ್ನು ಬೈಬಲ್ಲೇ ಖಂಡಿಸುತ್ತದೆ. ತನಗೆ ಸಲ್ಲಬೇಕಾದುದನ್ನು ಕೇಳುವುದು ಬೇರೆ, ಪರರಿಗೆ ಸಂದುದಕ್ಕಾಗಿ ಕೊರಗುವುದು ಬೇರೆ. ಮೊದಲನೆಯದು ಮನುಷ್ಯನನ್ನು ಎದ್ದು ನಿಲ್ಲಿಸುತ್ತದೆ. ಎರಡನೆಯದು ಒಳಗಿನಿಂದ ತಿನ್ನುತ್ತದೆ.

ಶಿಷ್ಯಶ್ರೇಷ್ಠನಾದ ಪೇತ್ರನೂ ಈ ದೌರ್ಬಲ್ಯಕ್ಕೆ ಹೊರತಾಗಿರಲಿಲ್ಲ. ತನ್ನ ಮುಂದಿನ ದಾರಿ ಕಠಿಣವೆಂದು ಕೇಳಿದೊಡನೆಯೇ ಹಿಂತಿರುಗಿ, ಇನ್ನೊಬ್ಬ ಶಿಷ್ಯನ ಗತಿಯೇನೆಂದು ವಿಚಾರಿಸಿದನು. ಅದು ನಿನಗೆ ಸೇರಿದ್ದಲ್ಲ, ನೀನು ನನ್ನನ್ನು ಹಿಂಬಾಲಿಸು ಎಂಬರ್ಥದ ಉತ್ತರ ಬಂದಿತು. ಆ ಮಾತಿನಲ್ಲಿ ಗದರಿಕೆಯಷ್ಟೇ ಬಿಡುಗಡೆಯೂ ಇದೆ. ಪ್ರತಿಯೊಬ್ಬನಿಗೂ ಒಂದು ದಾರಿಯುಂಟು. ಎರಡು ದಾರಿಗಳನ್ನು ನಡೆಯಬೇಕಾದ ಹೊರೆ ಯಾರಿಗೂ ಇಲ್ಲ.

ಪ್ರತಿಯೊಬ್ಬನೂ ತನ್ನ ಕೆಲಸವನ್ನೇ ಪರೀಕ್ಷಿಸಿಕೊಳ್ಳಲೆಂದು ಪೌಲನು ಗಲಾತ್ಯದವರಿಗೆ ಬರೆದನು. ಸಂತೋಷಪಡುವವರೊಡನೆ ಸಂತೋಷಪಡಬೇಕೆಂದು ರೋಮಾಪುರದವರಿಗೆ ತಿಳಿಸಿದನು. ಇವೆರಡೂ ಇಂದಿಗೂ ಸಾಧ್ಯವಾದ ಅಭ್ಯಾಸಗಳೇ. ಗೆಳೆಯನ ಹೊಸ ಮನೆಯ ಚಿತ್ರ ಕಂಡಾಗ ಗುಂಡಿಯೊತ್ತಿ ಮುಂದೆ ಸರಿಯುವುದಕ್ಕಿಂತ ಅವನಿಗೆ ಕರೆ ಮಾಡಿ ಮಾತನಾಡುವುದು ಮೇಲು. ಮಾತು ಬೆಳೆದಂತೆ ಮನೆಯ ಸಾಲ, ತಾಯಿಯ ಕಾಯಿಲೆ, ಮಗುವಿನ ಓದು ಎಲ್ಲವೂ ಹೊರಬರುತ್ತವೆ. ಪರದೆಯ ಮೇಲಿದ್ದ ಪ್ರತಿಸ್ಪರ್ಧಿ ಆಗ ಮತ್ತೆ ಗೆಳೆಯನಾಗುತ್ತಾನೆ.