ಏಳು ವಾಕ್ಯಗಳ ಕಲಿಕೆ, ಮೂವತ್ತು ದಿನಗಳ ನೋಟಿಸು

ಮತಾಂತರದ ಕುರಿತ ಚರ್ಚೆ ನಮ್ಮಲ್ಲಿ ಹೊಸದಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ವಿಧಾನಸಭೆ ಕಠಿಣ ಮತಾಂತರ ನಿಷೇಧ ಮಸೂದೆಯೊಂದನ್ನು ಅಂಗೀಕರಿಸಿದಾಗ ಕರ್ನಾಟಕದ ಹಳೆಯ ವಾದಗಳೆಲ್ಲ ಮತ್ತೊಮ್ಮೆ ನೆನಪಾದವು. ನಮ್ಮ ರಾಜ್ಯದ ಮಸೂದೆಯನ್ನು 2021ರ ಡಿಸೆಂಬರಿನಲ್ಲಿ ವಿಧಾನಸಭೆಯೂ 2022ರ ಸೆಪ್ಟೆಂಬರಿನಲ್ಲಿ ವಿಧಾನ ಪರಿಷತ್ತೂ ಒಪ್ಪಿದ್ದವು. ಸರ್ಕಾರ ಬದಲಾದ ಮೇಲೆ, 2023ರ ಜೂನ್ 15ರಂದು, ಆ ಕಾಯ್ದೆಯನ್ನು ಹಿಂತೆಗೆಯಲು ಸಚಿವ ಸಂಪುಟ ತೀರ್ಮಾನಿಸಿತು. ಒಂದು ಪಕ್ಷಕ್ಕೆ ಅದು ರಕ್ಷಾಕವಚವಾದರೆ ಇನ್ನೊಂದು ಪಕ್ಷಕ್ಕೆ ಕಿರುಕುಳದ ಅಸ್ತ್ರ. ಈ ಜಗ್ಗಾಟದ ನಡುವೆ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಧರ್ಮ ಬದಲಿಸಿದ ಮನುಷ್ಯ ಮರುದಿನ ಬೆಳಗ್ಗೆ ಎದ್ದು ಏನು ಮಾಡುತ್ತಾನೆ?

ಇಸ್ಲಾಮನ್ನು ಆರಿಸಿಕೊಂಡವನಾದರೆ ಉತ್ತರ ಸರಳ. ಆತ ಪ್ರಾರ್ಥಿಸಲು ಕಲಿಯಬೇಕು. ಅದೂ ತನಗೆ ಬಾರದ ಅರಬಿ ಭಾಷೆಯಲ್ಲಿ. ದಿನಕ್ಕೆ ಐದು ಹೊತ್ತಿನ ಕಡ್ಡಾಯ ನಮಾಝಿನಲ್ಲಿ ಒಟ್ಟು 17 ರಕಅತ್‌ಗಳಿವೆ. ಪ್ರತಿ ರಕಅತ್‌ನಲ್ಲಿಯೂ ಕುರ್‌ಆನಿನ ಮೊದಲ ಅಧ್ಯಾಯವಾದ ‘ಫಾತಿಹಾ’ದ ಏಳು ವಾಕ್ಯಗಳ ಪಠಣವಿರುತ್ತದೆ. ಇದರ ಜೊತೆಗೆ ಬಾಗುವಾಗ, ಸಾಷ್ಟಾಂಗವೆರಗುವಾಗ, ಕುಳಿತಾಗ ಹೇಳಬೇಕಾದ ಮಾತುಗಳು ಬೇರೆ. ಮುಸ್ಲಿಂ ಮನೆಯ ಮಗು ಇದನ್ನೆಲ್ಲ ಐದಾರು ವರ್ಷದ ಪ್ರಾಯದಲ್ಲಿ ಮದ್ರಸದ ಚಾಪೆಯ ಮೇಲೆ, ಅರ್ಥದ ಗೊಡವೆಯಿಲ್ಲದೆ, ಬಾಯಿಪಾಠದಿಂದ ಕಲಿಯುತ್ತದೆ. ಮೂವತ್ತೋ ನಲವತ್ತೋ ದಾಟಿದವನ ನಾಲಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಸುಳ್ಯ ತಾಲೂಕಿನ ಗಡಿ ಗ್ರಾಮ ಮಂಡೆಕೋಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಚೆಗೆ ಕಾಸರಗೋಡು ಜಿಲ್ಲೆಯ ದೇಲಂಪಾಡಿ, ಅಡೂರು. ಈ ಸೀಮೆಯಲ್ಲಿ ಅರೆಭಾಷೆ, ತುಳು, ಮರಾಟಿ, ಮಲಯಾಳ, ಬ್ಯಾರಿ ಮಾತುಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುತ್ತವೆ. ಮನೆಯಲ್ಲಿ ಒಂದು, ತೋಟದಲ್ಲಿ ಇನ್ನೊಂದು, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ ಎಂಬುದು ಇಲ್ಲಿನ ವಾಡಿಕೆ. ಆದ್ದರಿಂದ ಹೊಸ ಭಾಷೆಯೊಂದು ಕಿವಿಗೆ ಬೀಳುವುದು ಇಲ್ಲಿನವರಿಗೆ ಅಂಥ ದೊಡ್ಡ ಸಂಗತಿಯಲ್ಲ. ಆದರೆ ಅರಬಿಯ ಕಷ್ಟ ಬೇರೆ ಬಗೆಯದು. ಗಂಟಲಿನ ಆಳದಿಂದ ಬರುವ ‘ಐನ್’, ಎರಡು ಬಗೆಯ ‘ಹ’, ಎರಡು ಬಗೆಯ ‘ಕ’, ಒಂದಕ್ಕೊಂದು ಹತ್ತಿರವಾದ ಹಲವು ‘ಸ’ ಮತ್ತು ‘ಝ’ಗಳು ಕನ್ನಡದಲ್ಲಿ ಇಲ್ಲ, ತುಳುವಿನಲ್ಲೂ ಇಲ್ಲ. ಕನ್ನಡ ಲಿಪಿಯಲ್ಲಿ ‘ಕಲ್ಬ್’ ಎಂದು ಬರೆದರೆ ಅದು ಹೃದಯವೋ ನಾಯಿಯೋ ತಿಳಿಯದು. ಅರಬಿಯಲ್ಲಿ ಇವೆರಡನ್ನೂ ಬೇರ್ಪಡಿಸುವುದು ಗಂಟಲೊಳಗಿನ ‘ಕ’ ಮತ್ತು ಬಾಯೊಳಗಿನ ‘ಕ’ದ ನಡುವಿನ ಅಂತರ ಮಾತ್ರ. ಪುಸ್ತಕ ನೋಡಿ ಕಲಿಯುವೆನೆಂದು ಹೊರಟವನು ಎಡವುವುದು ಇಲ್ಲಿಯೇ. ಅವನಿಗೆ ಎದುರು ಕುಳಿತು ತಿದ್ದುವ ಗುರು ಬೇಕು.

ಅರಬಿ ಶಬ್ದಗಳೇ ನಮಗೆ ಅಪರಿಚಿತವೆಂದು ಇದರ ಅರ್ಥವಲ್ಲ. ಬಗರ್ ಹುಕುಂ ಜಾಗದ ಹಕ್ಕಿಗಾಗಿ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು, ಮಂಜೂರಾತಿಯ ದಾಖಲೆಗಾಗಿ ಅಲೆಯುವ ರೈತನ ಬಾಯಲ್ಲಿ ಅರಬಿ ಮೂಲದ ಅರ್ಧ ಡಜನ್‌ಗೂ ಮಿಕ್ಕಿದ ಪದಗಳಿವೆ. ಹುಕುಂ, ಹಕ್ಕು, ತಾಲೂಕು, ಅರ್ಜಿ, ಮಂಜೂರು, ದಾಖಲೆ, ರೈತ ಇವೆಲ್ಲ ಪಾರಸಿಯ ದಾರಿಯಾಗಿ ಬಂದು ಕನ್ನಡವೇ ಆಗಿಹೋದ ಮಾತುಗಳು. ಬರುವಾಗ ಅವು ತಮ್ಮ ಮೂಲ ಉಚ್ಚಾರವನ್ನು ಕಳೆದುಕೊಂಡವು. ನಮ್ಮ ನಾಲಿಗೆ ಅವನ್ನು ತನಗೆ ಬೇಕಾದಂತೆ ಪಳಗಿಸಿಕೊಂಡಿತು. ಪ್ರಾರ್ಥನೆಯಲ್ಲಿ ಮಾತ್ರ ಅಂಥ ಪಳಗಿಸುವಿಕೆಗೆ ಅವಕಾಶವಿಲ್ಲ. ಅಲ್ಲಿ ಪಳಗಬೇಕಾದದ್ದು ನಾಲಿಗೆ.

ಹಾಗಾದರೆ ದೇವರಿಗೆ ಕನ್ನಡ ತಿಳಿಯದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಸಾವಿರ ವರ್ಷಗಳಿಗೂ ಹಿಂದೆಯೇ ಎದುರಿಸಿದ್ದಾರೆ. ಇಮಾಮ್ ಅಬೂ ಹನೀಫಾ ನಮಾಝಿನಲ್ಲಿ ಪಾರಸಿ ಅನುವಾದದ ಪಠಣಕ್ಕೆ ಒಪ್ಪಿಗೆಯಿತ್ತಿದ್ದರು. ಅವರ ಶಿಷ್ಯರಿಬ್ಬರು ಅದನ್ನು ಅರಬಿ ಬಾರದವರಿಗಷ್ಟೇ ಸೀಮಿತಗೊಳಿಸಿದರು. ಕೊನೆಗೆ ಇಮಾಮರೇ ತಮ್ಮ ಅಭಿಪ್ರಾಯವನ್ನು ಹಿಂಪಡೆದರೆಂಬ ವರದಿಯೂ ಇದೆ. ನಮ್ಮ ಕರಾವಳಿಯ ಬ್ಯಾರಿಗಳು, ಮಾಪಿಳ್ಳೆಗಳು, ಭಟ್ಕಳದ ನವಾಯತರು ಅನುಸರಿಸುವುದು ಶಾಫಿ ಪಂಥವನ್ನು. ಅದರಲ್ಲಿ ನಿಯಮ ಇನ್ನೂ ಬಿಗಿ. ಘಟ್ಟದ ಮೇಲಿನ ಹನಫಿಗಳು ಇಮಾಮರ ಹಿಂದೆ ನಿಂತಾಗ ಮೌನವಾಗಿದ್ದರೆ ಸಾಕು. ಶಾಫಿಗಳಲ್ಲಿ ಹಿಂದೆ ನಿಂತವನೂ ಫಾತಿಹಾವನ್ನು ತಾನೇ ಓದಬೇಕು. ಅಂದರೆ ಬೆಂಗಳೂರಿನ ಮಸೀದಿಯಲ್ಲಿ ಹೊಸಬನೊಬ್ಬ ಗುಂಪಿನ ಮೌನದಲ್ಲಿ ಅಡಗಬಹುದು, ಸುಳ್ಯದಲ್ಲಿ ಅದು ಸಾಧ್ಯವಿಲ್ಲ.

ಆದರೆ ಅದೇ ಶಾಫಿ ಗ್ರಂಥಗಳು ಹೊಸಬನಿಗಾಗಿ ಒಂದೊಂದೇ ಮೆಟ್ಟಿಲನ್ನೂ ಇಳಿಸಿಕೊಟ್ಟಿವೆ. ಫಾತಿಹಾ ಬಾರದಿದ್ದರೆ ಕುರ್‌ಆನಿನ ಬೇರೆ ಏಳು ವಾಕ್ಯಗಳನ್ನು ಓದಬಹುದು. ಅದೂ ಬಾರದಿದ್ದರೆ ದೇವಸ್ತುತಿಯ ಮಾತುಗಳು ಸಾಕು. ‘ಅಲ್ಲಾಹು ಅಕ್ಬರ್’ ಎನ್ನಲೂ ನಾಲಿಗೆ ಹೊರಳದವನು ಕಲಿಯುವ ತನಕ ಅದರ ಅರ್ಥವನ್ನು ಸ್ವಂತ ಭಾಷೆಯಲ್ಲಿ ಹೇಳಬಹುದು. ಏನೂ ಬಾರದವನು ಫಾತಿಹಾ ಓದಲು ತಗಲುವಷ್ಟು ಹೊತ್ತು ಸುಮ್ಮನೆ ನಿಂತರೂ ಆಯಿತು. ತೊದಲುತ್ತ ಕಷ್ಟಪಟ್ಟು ಓದುವವನಿಗೆ ಎರಡು ಪಟ್ಟು ಪುಣ್ಯವೆಂಬ ಪ್ರವಾದಿವಚನವೂ ಪ್ರಸಿದ್ಧವಾಗಿದೆ. ಕಲಿಕೆಗೆ ಕಾಲ ಬೇಕೆಂಬುದನ್ನು ಶಾಸ್ತ್ರ ಒಪ್ಪಿಕೊಂಡಿದೆ.

ಪ್ರಾರ್ಥನೆಯ ಭಾಷೆಯನ್ನು ಬದಲಿಸುವ ಪ್ರಯತ್ನಗಳು ಬೇರೆಡೆ ನಡೆಯದೆ ಇಲ್ಲ. ಟರ್ಕಿಯಲ್ಲಿ 1932ರಿಂದ ಬಾಂಗನ್ನು ಟರ್ಕಿ ಭಾಷೆಯಲ್ಲಿಯೇ ಕೂಗಬೇಕೆಂದು ಸರ್ಕಾರ ವಿಧಿಸಿತು. 1950ರಲ್ಲಿ ಆ ನಿರ್ಬಂಧ ತೆರವಾದೊಡನೆ ಅರಬಿ ಮರಳಿ ಬಂತು. ಕ್ಯಾಥೊಲಿಕರಲ್ಲಿ 1963ರ ವ್ಯಾಟಿಕನ್ ಪರಿಷತ್ತಿನ ನಿರ್ಣಯದ ಬಳಿಕ ಲ್ಯಾಟಿನ್ ಹಿಂದೆ ಸರಿದು ಜನಭಾಷೆಗಳು ಬಲಿಪೀಠವನ್ನೇರಿದವು; ನಮ್ಮ ಜಿಲ್ಲೆಯ ಇಗರ್ಜಿಗಳಲ್ಲಿ ಇಂದು ಕೊಂಕಣಿ ಕೇಳಿಬರುವುದು ಅದರಿಂದಲೇ. ಮೊದಲನೆಯದು ಸರ್ಕಾರದ ಆಜ್ಞೆ, ಎರಡನೆಯದು ಆ ಸಮುದಾಯದ್ದೇ ನಿರ್ಧಾರ. ಯಾವುದು ಉಳಿಯಿತು ಎಂಬುದು ಗಮನಾರ್ಹ. ನಮ್ಮ ದೇವಸ್ಥಾನಗಳಲ್ಲಿ ಅರ್ಥ ತಿಳಿಯದ ಸಂಸ್ಕೃತ ಮಂತ್ರಕ್ಕೆ ಕೈಮುಗಿಯುವ ನಾವೇ ದೈವದ ನುಡಿಯನ್ನು ತುಳುವಿನಲ್ಲಿ ಕೇಳಿಸಿಕೊಳ್ಳುತ್ತೇವೆ. ಆದ್ದರಿಂದ ಅರಬಿಯಲ್ಲಿ ಪ್ರಾರ್ಥಿಸುವವನು ನಾಡಿಗೆ ಹೊರಗಿನವನಾದನೆಂಬ ತರ್ಕ ನಿಲ್ಲುವುದಿಲ್ಲ.

ಇನ್ನು ಕಲಿಸುವವರಾರು? ಇದೇ ನಿಜವಾದ ತೊಡಕು. ಮದ್ರಸಗಳು ಮಕ್ಕಳಿಗಾಗಿ ಇರುವಂಥವು. ಗಡಿ ಭಾಗದ ಉಸ್ತಾದರಲ್ಲಿ ಅನೇಕರು ಕಲಿತದ್ದು ಮಲಯಾಳದಲ್ಲಿ. ಹಳೆಯ ಪಠ್ಯಗಳು ಅರಬಿ ಲಿಪಿಯಲ್ಲಿ ಬರೆದ ಮಲಯಾಳದಲ್ಲಿವೆ. ಹೀಗಾಗಿ ಕನ್ನಡ ಮಾತ್ರ ಓದಬಲ್ಲವನಿಗೆ ಪ್ರಾರ್ಥನೆಯ ಭಾಷೆಯೂ ಹೊಸತು, ಅದನ್ನು ವಿವರಿಸುವ ಪುಸ್ತಕವೂ ಹೊಸತು. ಕುರ್‌ಆನಿನ ಕನ್ನಡ ಅನುವಾದಗಳು ಇವೆ ಎಂಬುದು ಸಮಾಧಾನದ ಸಂಗತಿ. ಆದರೆ ಅನುವಾದ ಅರ್ಥವನ್ನು ಕೊಟ್ಟೀತೇ ಹೊರತು ಉಚ್ಚಾರವನ್ನು ತಿದ್ದಲಾರದು. ಕೇರಳದಲ್ಲಿ ಈ ಕೆಲಸಕ್ಕೆಂದೇ 1900ರಲ್ಲಿ ಆರಂಭವಾದ ಪೊನ್ನಾನಿಯ ಮಊನತುಲ್ ಇಸ್ಲಾಂ ಸಭೆಯಿದೆ. ಹೊಸಬರು ಅಲ್ಲಿ ಉಳಿದು ಪ್ರಾಥಮಿಕ ಪಾಠಗಳನ್ನು ಕಲಿಯುತ್ತಾರೆ. ಊರು ಬಿಟ್ಟು ಅಷ್ಟು ದೂರ ಹೋದವನ ಬಗ್ಗೆ ಮನೆಯವರಲ್ಲಿ ಆತಂಕ, ಊರಿನಲ್ಲಿ ಗುಸುಗುಸು ಹುಟ್ಟುವುದು ಸಹಜ.

ಈಗ ಕಾನೂನಿನ ಕಡೆಗೆ ಬರೋಣ. 2022ರ ಕರ್ನಾಟಕದ ಕಾಯ್ದೆ, ಮತ ಬದಲಿಸುವವನು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. ಮತಾಂತರದ ವಿಧಿಯನ್ನು ನಡೆಸುವವನೂ ಹಾಗೆಯೇ ತಿಳಿಸಬೇಕಿತ್ತು. ಆ ಘೋಷಣೆಯನ್ನು ತಹಸೀಲ್ದಾರರ ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿ ಆಕ್ಷೇಪ ಆಹ್ವಾನಿಸುವ ವ್ಯವಸ್ಥೆಯಿತ್ತು. ಬಲವಂತ, ಆಮಿಷ ನಡೆದಿಲ್ಲವೆಂದು ರುಜುವಾತುಪಡಿಸುವ ಹೊಣೆ ಆರೋಪಿಯ ಮೇಲಿತ್ತು. ಇಲ್ಲಿ ಮತಾಂತರವೆಂದರೆ ಒಂದು ದಿನಾಂಕ, ಒಂದು ವಿಧಿ, ಒಂದು ನಮೂನೆ. ಆದರೆ ಫಾತಿಹಾದ ಮೊದಲ ವಾಕ್ಯವನ್ನು ಕುತೂಹಲದಿಂದ ಕೇಳಿ ಕಲಿತ ದಿನ ಮತಾಂತರವಾಯಿತೇ? ಏಳನೆಯದನ್ನು ತಪ್ಪಿಲ್ಲದೆ ಹೇಳಿದ ದಿನವೇ? ಪಾಠ ಹೇಳಿಕೊಟ್ಟ ಉಸ್ತಾದ ಗುರುವೋ ಆರೋಪಿಯೋ? ಉತ್ತರ ಸ್ಪಷ್ಟವಿಲ್ಲದ ಕಡೆ ಹಳ್ಳಿಯ ಮಸೀದಿಯ ಬಡ ಉಸ್ತಾದ ‘ನನಗೆ ಈ ಉಸಾಬರಿ ಬೇಡ’ ಎಂದು ಬಾಗಿಲು ಹಾಕಿಕೊಂಡರೆ ಆಶ್ಚರ್ಯವಿಲ್ಲ. ಆಗ ಬಹಿರಂಗವಾಗಿ ನಡೆಯಬಹುದಾಗಿದ್ದ ಕಲಿಕೆ ಗುಟ್ಟಾಗುತ್ತದೆ. ಗುಟ್ಟನ್ನು ತಡೆಯಲು ಬಂದ ಕಾನೂನು ಗುಟ್ಟನ್ನೇ ಬೆಳೆಸಿದಂತಾಗುತ್ತದೆ.

ಕೇರಳದ ಹಾದಿಯಾ ಪ್ರಕರಣ ಈ ದೃಷ್ಟಿಯಿಂದ ಮತ್ತೆ ಓದಬೇಕಾದದ್ದು. ಸೇಲಂನಲ್ಲಿ ಹೋಮಿಯೋಪಥಿ ಓದುತ್ತಿದ್ದಾಗ ಜೊತೆಗಾರ್ತಿಯರ ಸಮಯಪಾಲನೆಯ ಪ್ರಾರ್ಥನೆ ಮತ್ತು ನಡತೆ ತನ್ನನ್ನು ಸೆಳೆಯಿತೆಂದು ಆಕೆ ನ್ಯಾಯಾಲಯಕ್ಕೆ ತಿಳಿಸಿದ್ದರು. 2017ರ ಮೇ ತಿಂಗಳಲ್ಲಿ ಹೈಕೋರ್ಟು ಆಕೆಯ ವಿವಾಹವನ್ನು ರದ್ದುಗೊಳಿಸಿತು. 2018ರ ಮಾರ್ಚ್ 8ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ವಯಸ್ಕಳ ನಂಬಿಕೆ ಮತ್ತು ಸಂಗಾತಿಯ ಆಯ್ಕೆ ಅವಳದೇ ಎಂಬುದು ಆ ತೀರ್ಪಿನ ತಿರುಳು. ತಂದೆಯ ದುಃಖ ಸುಳ್ಳಾಗಿತ್ತೆಂದು ಯಾರೂ ಹೇಳಲಾರರು. ಆದರೆ ದುಃಖಕ್ಕೆ ಪರಿಹಾರ ಮಾತುಕತೆಯೇ ಹೊರತು ಗೃಹಬಂಧನವಲ್ಲ.

ಮೋಸ, ಬಲವಂತ ನಡೆದಲ್ಲಿ ಶಿಕ್ಷೆಯಾಗಲೇಬೇಕು. ಅದಕ್ಕೆ ದಂಡಸಂಹಿತೆಯಲ್ಲಿ ದಾರಿಗಳಿವೆ. ಆದರೆ ದಿನಕ್ಕೆ ಹದಿನೇಳು ಬಾರಿ ಏಳು ವಾಕ್ಯಗಳನ್ನು ತೊದಲುತ್ತ, ತಿದ್ದಿಸಿಕೊಳ್ಳುತ್ತ, ತಿಂಗಳುಗಟ್ಟಲೆ ಕಲಿಯುವ ಮನುಷ್ಯನ ಶ್ರಮಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಯಾವ ನಮೂನೆ ಕೊಟ್ಟೀತು? ಆ ಕಲಿಕೆ ಸ್ವಂತ ಊರಿನಲ್ಲಿ, ಮನೆಯವರ ಕಣ್ಣೆದುರಿನಲ್ಲಿ, ಅವನಿಗೆ ತಿಳಿಯುವ ಭಾಷೆಯ ವಿವರಣೆಯೊಡನೆ ನಡೆಯುವಂತಾಗಬೇಕು. ನಡುವೆ ಬೇಡವೆನಿಸಿದರೆ ನಿಲ್ಲಿಸಿ ಮನೆಗೆ ಮರಳುವ ಸ್ವಾತಂತ್ರ್ಯವೂ ಅಷ್ಟೇ ನಿರ್ಭೀತವಾಗಿರಬೇಕು. ಜಮಾಅತ್ ಕಮಿಟಿಗಳು ವಯಸ್ಕ ಹೊಸಬರಿಗಾಗಿ ಕನ್ನಡದಲ್ಲಿ ಪಾಠ ಹೇಳಬಲ್ಲವರನ್ನು ಸಿದ್ಧಪಡಿಸಲಿ. ನೆರೆಹೊರೆಯವರು ಅನುಮಾನದ ಬದಲು ಒಂದಿಷ್ಟು ಸಹನೆ ತೋರಲಿ. ಐದಾರು ಭಾಷೆಗಳನ್ನು ಒಂದೇ ಜಗಲಿಯಲ್ಲಿ ಕೂರಿಸಿಕೊಂಡಿರುವ ಮಂಡೆಕೋಲಿನಂಥ ಊರಿಗೆ ಇನ್ನೊಂದು ಭಾಷೆಯ ತೊದಲು ಭಾರವಾಗಲಾರದು.